ಕುಡಿತ ಬಿಟ್ಟು 23 ದಿನ, ಹತ್ತಿರದಲ್ಲಿ ಒಂದು ಗ್ರೂಪ್ ಹುಡುಕೋದು ಹೇಗೆ?

ಪ್ರಶ್ನೆ: ನನಗೆ 41 ವರ್ಷ. ಸುಮಾರು 16 ವರ್ಷ ದಿನಾ ಕುಡಿದೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಆಯ್ತು. ಇವತ್ತಿಗೆ 23 ದಿನ, ಒಂದು ತೊಟ್ಟೂ ಮುಟ್ಟಿಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ‘ಸಪೋರ್ಟ್ ಗ್ರೂಪ್‌ಗೆ ಹೋಗಬೇಕು’ ಅಂತ ಒಂದು ಸಾಲು ಇದೆ. ಎಲ್ಲಿ, ಹೇಗೆ ಅಂತ ಯಾರೂ ಹೇಳಲಿಲ್ಲ. ಒಂದು ಕಡೆ ಹೋದೆ, ದೇವರ ಮಾತು ಬಂತು. ನನಗೆ ನಂಬಿಕೆ ಇಲ್ಲ, ಅರ್ಧಕ್ಕೆ ಎದ್ದು ಬಂದೆ. ಪರಿಚಯದವರು ಯಾರಾದರೂ ಸಿಕ್ಕಿಬಿಟ್ಟರೆ ಅನ್ನುವ ಭಯ ಬೇರೆ. ಸಂಜೆ ಏಳು ಗಂಟೆ ಆದ ಮೇಲೆ ತುಂಬ ಕಷ್ಟ. ಮಾತ್ರೆ ತಗೊಳ್ತಾ ಇದ್ದೇನೆ, ಅಷ್ಟು ಸಾಲದಾ? ಮೊದಲ ದಿನ ನಾನೂ ಬರಲಾ ಅಂತ ಹೆಂಡತಿ ಕೇಳುತ್ತಿದ್ದಾಳೆ.

ಉತ್ತರ: ಆ ಒಂದು ಸಾಲಿನ ಮೇಲೆ ನನಗೂ ಸಿಟ್ಟಿದೆ. ಮಾತ್ರೆಯ ಹೆಸರು, ಎಷ್ಟು ಹೊತ್ತಿಗೆ, ಊಟದ ಮುಂಚೆಯೋ ಆಮೇಲೋ, ಎಲ್ಲ ಬರೆಯುತ್ತಾರೆ. ಗ್ರೂಪ್ ವಿಷಯ ಬಂದಾಗ ಮಾತ್ರ ‘ಹೋಗಬೇಕು’, ಅಷ್ಟೇ. ಎಲ್ಲಿಗೆ, ಯಾವ ವಾರ, ಎಷ್ಟು ಗಂಟೆಗೆ ಅಂತ ಬರೆಯುವುದಿಲ್ಲ. ಈಗಷ್ಟೇ ಕೈ ನಡುಕ ನಿಂತ ಮನುಷ್ಯ ಅದನ್ನೆಲ್ಲ ತಾನೇ ಹುಡುಕಿಕೊಳ್ಳಲಿ ಅಂದರೆ ಹೇಗೆ? ಹಾಗಾಗಿ ನೀವು ಕೇಳಿದ್ದು ಸಣ್ಣ ಪ್ರಶ್ನೆ ಅಲ್ಲ. ನಾನು ಕೌನ್ಸೆಲಿಂಗ್ ಮಾಡುವ ಕಡೆ ಚಿಕಿತ್ಸೆ ಮುಗಿಸಿ ಹೋದವರಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ, ಆಸ್ಪತ್ರೆಯ ಗೇಟಿಗೂ ಗ್ರೂಪಿನ ಬಾಗಿಲಿಗೂ ನಡುವೆ.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತು ದೇವರದ್ದಲ್ಲ, ಪರಿಚಯದವರದ್ದೂ ಅಲ್ಲ. ‘ಏಳು ಗಂಟೆ ಆದ ಮೇಲೆ’ ಅನ್ನುವುದು. ಗ್ರೂಪನ್ನು ಆ ಏಳು ಗಂಟೆ ನೋಡಿ ಆರಿಸಿಕೊಳ್ಳಿ. ಹೆಸರುವಾಸಿ ಗ್ರೂಪ್ ಯಾವುದು, ಯಾವ ಪದ್ಧತಿ ಒಳ್ಳೆಯದು ಅನ್ನುವುದೆಲ್ಲ ಆಮೇಲೆ. ಕೆಲಸದಿಂದ ಸುಸ್ತಾಗಿ ಬಂದಿದ್ದೀರಿ, ಮಳೆ ಹೊಯ್ಯುತ್ತಿದೆ, ಮನೆಯಲ್ಲಿ ಏನೋ ಮಾತು ಬೆಳೆದು ತಲೆ ಬಿಸಿಯಾಗಿದೆ, ಗಂಟಲು ‘ಒಂದೇ ಒಂದು’ ಅನ್ನುತ್ತಿದೆ ಅಂದುಕೊಳ್ಳಿ. ಅಂಥ ಸಂಜೆ ನೀವು ಎದ್ದು ಚಪ್ಪಲಿ ಹಾಕಿಕೊಂಡು ಹೋಗಬಲ್ಲಷ್ಟು ದೂರದಲ್ಲಿ ಯಾವುದಿದೆ? ಒಂದೂವರೆ ಗಂಟೆ ಪ್ರಯಾಣದ ಅದ್ಭುತ ಗ್ರೂಪಿಗಿಂತ ಹದಿನೈದು ನಿಮಿಷದ ಸಾಧಾರಣ ಗ್ರೂಪ್ ನಿಮ್ಮ ಪಾಲಿಗೆ ಮೇಲು. ಆಸೆ ಉಕ್ಕಿ ಬಂದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ಆ ಅರ್ಧ ಗಂಟೆ ನೀವು ಎಲ್ಲಿ, ಯಾರ ಜೊತೆ ಇರುತ್ತೀರಿ ಅನ್ನುವುದೇ ಲೆಕ್ಕ.

ಹುಡುಕಲು ಶುರು ಮಾಡುವುದು ನೀವು ಚಿಕಿತ್ಸೆ ಪಡೆದ ವಾರ್ಡಿನಿಂದಲೇ. ಡಾಕ್ಟರನ್ನು ಕೇಳಬೇಡಿ, ಅವರಿಗೆ ಬಹಳ ಸಲ ಗೊತ್ತಿರುವುದಿಲ್ಲ. ವಾರ್ಡಿನ ನರ್ಸ್, ಸೋಷಿಯಲ್ ವರ್ಕರ್ ಅಥವಾ ಕೌನ್ಸೆಲರ್‌ಗೆ ಫೋನ್ ಮಾಡಿ. ‘ಗ್ರೂಪ್ ಎಲ್ಲಿದೆ’ ಅಂತ ಕೇಳುವ ಬದಲು ‘ನಿಮ್ಮಲ್ಲಿ ಡಿಸ್ಚಾರ್ಜ್ ಆಗಿ ಚೆನ್ನಾಗಿ ಇರುವವರು ಎಲ್ಲಿಗೆ ಹೋಗ್ತಿದ್ದಾರೆ’ ಅಂತ ಕೇಳಿ. ಉತ್ತರವೇ ಬೇರೆ ಬರುತ್ತದೆ. ಎಷ್ಟೋ ಆಸ್ಪತ್ರೆಗಳಿಗೆ ಕುಡಿತ ಬಿಟ್ಟವರೇ ಬಂದು ಒಳರೋಗಿಗಳ ಜೊತೆ ಮಾತಾಡಿ ಹೋಗುತ್ತಾರೆ. ಅವರಲ್ಲಿ ಒಬ್ಬರ ನಂಬರ್ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಅದು ಆಗಲಿಲ್ಲ ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ಆಸರೆಯಾಗುವವರ ಸಂಘ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಇದರ ವೆಬ್‌ಸೈಟಿನಲ್ಲಿ ನೋಡಿ. ದೇಶ, ಊರು ಹಾಕಿದರೆ ಅಲ್ಲಿನ ಕಚೇರಿಯ ನಂಬರ್ ಸಿಗುತ್ತದೆ. ಪಟ್ಟಿಯಲ್ಲಿ ವಿಳಾಸ ಇದೆ ಅಂತ ನೇರ ಹೊರಟುಬಿಡಬೇಡಿ. ಈ ಗುಂಪುಗಳನ್ನು ನಡೆಸುವುದು ಸದಸ್ಯರೇ. ಹಾಲ್ ಬದಲಾಗುತ್ತದೆ, ಸಮಯ ಬದಲಾಗುತ್ತದೆ, ಪಟ್ಟಿ ಮಾತ್ರ ಹಳೆಯದೇ ಉಳಿದಿರುತ್ತದೆ. ಧೈರ್ಯ ಮಾಡಿ ಹೋದವನಿಗೆ ಬೀಗ ಹಾಕಿದ ಬಾಗಿಲು ಕಂಡರೆ ಎರಡನೇ ಸಲ ಹೋಗುವುದು ಅಪರೂಪ. ಫೋನ್ ಮಾಡಿ ಖಚಿತ ಮಾಡಿಕೊಳ್ಳಿ. ಯಾವ ಬಾಗಿಲಿಂದ ಒಳಗೆ ಹೋಗಬೇಕು, ಎಷ್ಟನೇ ಮಹಡಿ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ, ಓಪನ್ ಮೀಟಿಂಗೋ ಕ್ಲೋಸ್ಡೋ ಅಂತ ಕೇಳಿ. ಓಪನ್ ಅಂದರೆ ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ತೊಂದರೆ ಇರುವವರಿಗೆ, ಬಿಡಬೇಕು ಅನ್ನುವವರಿಗೆ ಮಾತ್ರ. ‘ಮೊದಲ ಸಲ ಬರ್ತಾ ಇದ್ದೇನೆ, ಬಾಗಿಲ ಹತ್ತಿರ ಯಾರಾದರೂ ಇರ್ತೀರಾ’ ಅಂತಲೂ ಕೇಳಬಹುದು. ಇದನ್ನು ಕೇಳಲು ನಾಚಿಕೆ ಪಡಬೇಡಿ, ಆ ಕಡೆ ಫೋನ್ ಎತ್ತುವವರು ಬಹುಮಟ್ಟಿಗೆ ನಿಮ್ಮ ಹಾಗೇ ಒಂದು ದಿನ ಫೋನ್ ಮಾಡಿದವರೇ.

ಎಎ ಶುರುವಾದದ್ದೇ ಇಂಥ ಒಂದು ಫೋನಿನಿಂದ. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಅನ್ನುವ ನ್ಯೂಯಾರ್ಕಿನ ಷೇರು ವ್ಯವಹಾರದ ಮನುಷ್ಯ, ಕುಡಿತ ಬಿಟ್ಟು ಐದಾರು ತಿಂಗಳಾಗಿತ್ತು, ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿಗೆ ಒಂದು ವ್ಯವಹಾರಕ್ಕೆ ಬಂದಿದ್ದ. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಲಾಬಿಯಲ್ಲಿ ಒಬ್ಬನೇ. ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನು ಮತ್ತು ಊರಿನ ಚರ್ಚುಗಳ ಪಟ್ಟಿ. ಅವನು ಪಟ್ಟಿ ಹಿಡಿದು ಫೋನ್ ಮಾಡಲು ಶುರು ಮಾಡಿದ. ‘ನನ್ನ ಹಾಗೆ ಕುಡಿತದಿಂದ ಒದ್ದಾಡುತ್ತಿರುವವರು ಈ ಊರಲ್ಲಿ ಯಾರಾದರೂ ಇದ್ದಾರಾ, ನಾನು ಅವರ ಜೊತೆ ಮಾತಾಡಬೇಕು’ ಅನ್ನುವುದು ಅವನ ಕೋರಿಕೆ. ಹಾಗೆ ಸಿಕ್ಕವರು ಡಾಕ್ಟರ್ ಬಾಬ್ ಸ್ಮಿತ್, ಶಸ್ತ್ರಚಿಕಿತ್ಸೆ ಮಾಡುವ ವೈದ್ಯರು, ತಾವೇ ಕುಡಿತದಲ್ಲಿ ಮುಳುಗಿದ್ದವರು. ಹದಿನೈದು ನಿಮಿಷ ಮಾತಾಡಿ ಹೊರಡುತ್ತೇನೆ ಅಂತ ಬಂದವರು ಗಂಟೆಗಟ್ಟಲೆ ಕೂತರು. ಎಎ ಲೆಕ್ಕದಲ್ಲಿ ಬಾಬ್ ಕೊನೆಯ ಸಲ ಕುಡಿದ ದಿನ 1935ರ ಜೂನ್ 10, ಅದನ್ನೇ ಸಂಸ್ಥೆ ಹುಟ್ಟಿದ ದಿನ ಅಂತ ಎಣಿಸುತ್ತಾರೆ. ಗಮನಿಸಿ, ಆವತ್ತು ಸಹಾಯ ಬೇಕಾಗಿದ್ದದ್ದು ಫೋನ್ ಮಾಡಿದವನಿಗೆ. ಗ್ರೂಪಿನಲ್ಲಿ ಹಳಬರು ಹೊಸಬರನ್ನು ಅಷ್ಟು ಆಸೆಯಿಂದ ಮಾತಾಡಿಸುವುದು ಬರೀ ಉಪಕಾರಕ್ಕಲ್ಲ, ಅದರಿಂದ ಅವರ ಸಂಜೆಯೂ ಕುಡಿಯದೆ ಕಳೆಯುತ್ತದೆ.

ಈಗ ದೇವರ ವಿಷಯ. ಕುಡಿತ ಬಿಡಲು ಸದಸ್ಯರು ಅನುಸರಿಸುವ ಎಎಯ ಹನ್ನೆರಡು ಹೆಜ್ಜೆಗಳಲ್ಲಿ ದೇವರು ಅನ್ನುವ ಪದ ಇದೆ, ಇಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ‘ನಾವು ತಿಳಿದುಕೊಂಡ ಹಾಗಿನ ದೇವರು’ ಅಂತ ಜೊತೆಗೇ ಸೇರಿಸಿದ್ದಾರೆ. ಸೇರಲು ಇರುವ ಷರತ್ತು ಒಂದೇ, ಕುಡಿತ ಬಿಡಬೇಕು ಅನ್ನುವ ಆಸೆ. ನಂಬಿಕೆಯ ಪರೀಕ್ಷೆ ಯಾರೂ ಮಾಡುವುದಿಲ್ಲ. ಆ ಪದಕ್ಕೆ ‘ಈ ಕೋಣೆಯಲ್ಲಿ ಕೂತ ಹತ್ತು ಜನ’ ಅಂತ ಅರ್ಥ ಮಾಡಿಕೊಂಡು ವರ್ಷಗಟ್ಟಲೆ ಬರುತ್ತಿರುವವರು ಇದ್ದಾರೆ. ಗ್ರೂಪಿನಿಂದ ಗ್ರೂಪಿಗೆ ಗಾಳಿಯೂ ಬೇರೆ. ಒಂದರಲ್ಲಿ ಪ್ರಾರ್ಥನೆ ಜಾಸ್ತಿ, ಇನ್ನೊಂದರಲ್ಲಿ ನಗು ಜಾಸ್ತಿ. ದೇವರ ಮಾತನ್ನೇ ಎತ್ತದ ಎಎ ಗುಂಪುಗಳೂ ಕೆಲವು ಕಡೆ ಇವೆ.

ಇಷ್ಟಾದರೂ ಆಗದು ಅನ್ನಿಸಿದರೆ ಸ್ಮಾರ್ಟ್ ರಿಕವರಿ ಅನ್ನುವುದನ್ನು ನೋಡಿ. 1994ರಲ್ಲಿ ಅಮೆರಿಕದಲ್ಲಿ ಶುರುವಾದದ್ದು, ಈಗ ಬೇರೆ ದೇಶಗಳಲ್ಲೂ ಇದೆ. ಅಲ್ಲಿ ದೇವರು, ಹೆಜ್ಜೆ ಯಾವುದೂ ಇಲ್ಲ. ತರಬೇತಿ ಪಡೆದ ಒಬ್ಬರು ನಡೆಸುತ್ತಾರೆ, ಆಸೆ ಬಂದಾಗ ತಲೆಯಲ್ಲಿ ಓಡುವ ಯೋಚನೆಯನ್ನು ಹಿಡಿದು ಪ್ರಶ್ನೆ ಮಾಡುವುದು ಹೇಗೆ ಅಂತ ಅಭ್ಯಾಸ ಮಾಡಿಸುತ್ತಾರೆ. ಎಎಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ನೆ ಕೇಳುತ್ತಾರೆ, ಇಲ್ಲಿ ಪರಸ್ಪರ ಮಾತುಕತೆ ಇದೆ. ಹೆಂಗಸರಿಗಾಗಿಯೇ ವಿಮೆನ್ ಫಾರ್ ಸೊಬ್ರೈಟಿ 1975ರಿಂದ ಇದೆ. ಈ ಪತ್ರ ಓದುತ್ತಿರುವ ಹೆಂಗಸರಿಗೆ ಬೇಕಾಗಬಹುದು ಅಂತ ಹೇಳಿದೆ. ತೊಂದರೆ ಒಂದೇ, ಇವುಗಳ ಮೀಟಿಂಗ್ ಎಎಯಷ್ಟು ಕಡೆ ಇಲ್ಲ. ನಿಮ್ಮ ಏಳು ಗಂಟೆಗೆ ಹತ್ತಿರದಲ್ಲಿ ಇರುವುದು ಎಎ ಒಂದೇ ಆದರೆ, ದೇವರ ಮಾತು ಬಂದಾಗ ಕಿಟಕಿ ಕಡೆ ನೋಡುತ್ತಾ ಕೂತರೂ ಪರವಾಗಿಲ್ಲ, ಹೋಗಿ.

ಇದನ್ನು ಸುಮ್ನೆ ಹೇಳುತ್ತಿಲ್ಲ. 2020ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ನೋಡಿದರು. ರೋಗಿಗಳನ್ನು ಕ್ರಮಬದ್ಧವಾಗಿ ಎಎ ಕಡೆಗೆ ಕರೆದೊಯ್ಯುವ ಚಿಕಿತ್ಸೆ, ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ, ಮಾತಿನ ಚಿಕಿತ್ಸೆಯಂಥ ಬೇರೆ ದಾರಿಗಳಿಗಿಂತ ಸ್ವಲ್ಪ ಮುಂದೆಯೇ ಇತ್ತು. ಬೇರೆ ಅಳತೆಗಳಲ್ಲಿ ಹೆಚ್ಚುಕಡಿಮೆ ಸಮ. ಆ ಇನ್ನಿತರ ಗುಂಪುಗಳ ಮೇಲೆ ಇಷ್ಟು ಸಂಶೋಧನೆ ನಡೆದಿಲ್ಲ, ಹಾಗಂತ ಅವು ಕೆಲಸ ಮಾಡುವುದಿಲ್ಲ ಅಂತಲ್ಲ. ಎಎ ಯಾಕೆ ಕೆಲಸ ಮಾಡುತ್ತದೆ ಅಂತ ಹುಡುಕಿದವರಿಗೆ ಹೆಚ್ಚಾಗಿ ಕಂಡದ್ದು ತೀರಾ ಸರಳವಾದ ಕಾರಣ: ಕುಡಿಯುವ ಗೆಳೆಯರು ಕಡಿಮೆಯಾಗುತ್ತಾರೆ, ಕುಡಿಯದ ಗೆಳೆಯರು ಜಾಸ್ತಿಯಾಗುತ್ತಾರೆ. ಅದಕ್ಕೆ ನಂಬಿಕೆ ಬೇಕಿಲ್ಲ ಅಲ್ವಾ?

ಮಾತ್ರೆ ಸಾಲದಾ ಅಂತ ಕೇಳಿದ್ದೀರಿ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಇವೆಲ್ಲ ಉಪಯೋಗಕ್ಕೆ ಬರುವ ಔಷಧಿಗಳೇ. ನಿಮಗೆ ಯಾವುದು ಕೊಟ್ಟಿದ್ದಾರೋ ಅದನ್ನು ಬಿಡಬೇಡಿ. ಮಾತ್ರೆ ಆಸೆಯನ್ನು ತಗ್ಗಿಸಬಹುದು, ಇಲ್ಲವೇ ಕುಡಿದರೆ ಆಗುವ ತೊಂದರೆಯ ಭಯದಿಂದ ಕೈ ತಡೆಯಬಹುದು, ಸಂಜೆಯನ್ನು ತುಂಬುವುದಿಲ್ಲ. ಗ್ರೂಪಿನಲ್ಲಿ ಯಾರಾದರೂ ‘ಮಾತ್ರೆ ತಗೊಂಡರೆ ಅದು ನಿಜವಾದ ಬಿಡುವಿಕೆ ಅಲ್ಲ’ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಸದಸ್ಯರು ಡಾಕ್ಟರ್ ಆಗಬಾರದು ಅಂತ ಎಎ ತಾನೇ ಹೇಳುತ್ತದೆ.

ಮೊದಲ ದಿನದ ಬಗ್ಗೆ ಒಂದು ಘಟನೆ. ನನ್ನ ಹತ್ತಿರ ಬರುತ್ತಿದ್ದ ಒಬ್ಬರು ಮೂರು ವಾರ ಮೀಟಿಂಗಿಗೆ ಹೋದೆ ಅಂತ ಹೇಳುತ್ತಿದ್ದರು. ಆಮೇಲೆ ತಿಳಿಯಿತು, ಅವರು ಹೋಗುತ್ತಿದ್ದದ್ದು ಮೆಟ್ಟಿಲವರೆಗೆ ಮಾತ್ರ. ಮೊದಲ ಮಹಡಿಯ ಹಾಲ್. ಮೆಟ್ಟಿಲ ತಿರುವಿನಲ್ಲಿ ನಿಂತು ಮೇಲಿನ ಚಪ್ಪಾಳೆ ಕೇಳಿ, ಮೊಬೈಲ್ ನೋಡುವವರ ಹಾಗೆ ನಟಿಸಿ, ವಾಪಸ್. ನಾಲ್ಕನೇ ವಾರ ಒಬ್ಬ ವಯಸ್ಸಾದವರು ಫೋನಿನಲ್ಲಿ ಮಾತಾಡುತ್ತಾ ಕೆಳಗೆ ಇಳಿದು ಬಂದರು. ಇವರನ್ನು ನೋಡಿ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು, ‘ಇಲ್ಲಿ ಸೆಕೆ, ಮೇಲೆ ಫ್ಯಾನ್ ಇದೆ’ ಅಂದರಂತೆ. ಅಷ್ಟೇ. ಯಾರು, ಏನು, ಯಾಕೆ ಬಂದಿರಿ, ಒಂದೂ ಇಲ್ಲ. ಇವರು ಹತ್ತಿದರು. ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತರು. ಒಂದು ಮಾತೂ ಆಡದೆ ಬಂದರು.

ನೀವೂ ಹಾಗೇ ಮಾಡಬಹುದು. ಒಂದು, ಒಂದೂವರೆ ಗಂಟೆ ನಡೆಯುತ್ತದೆ. ಒಬ್ಬರು ಏನೋ ಓದುತ್ತಾರೆ, ಆಮೇಲೆ ಒಬ್ಬೊಬ್ಬರಾಗಿ ಹೆಸರು ಹೇಳಿ ತಮ್ಮ ಕಥೆ ಹೇಳುತ್ತಾರೆ. ಬರೀ ಹೆಸರು ಸಾಕು. ಮನೆತನ, ಕೆಲಸ, ವಿಳಾಸ ಬೇಡ. ಸರದಿ ನಿಮ್ಮ ಹತ್ತಿರ ಬಂದರೆ ‘ಇವತ್ತು ಕೇಳ್ತೇನೆ’ ಅಂದರೆ ಸಾಕು, ಯಾರೂ ಬಲವಂತ ಮಾಡುವುದಿಲ್ಲ. ಎಎಯಲ್ಲಿ ಫೀಸ್ ಇಲ್ಲ. ಹಾಲ್ ಬಾಡಿಗೆಗೆ ಅಂತ ಒಂದು ಡಬ್ಬಿಯೋ ಬುಟ್ಟಿಯೋ ಸುತ್ತಿ ಬರುತ್ತದೆ, ಹಾಕಿದರೆ ಹಾಕಬಹುದು, ಇಲ್ಲದಿದ್ದರೆ ಮುಂದಕ್ಕೆ ದಾಟಿಸಿ. ಹೊಸಬರಿಂದ ಯಾರೂ ದುಡ್ಡು ನಿರೀಕ್ಷಿಸುವುದಿಲ್ಲ.

ಮೀಟಿಂಗ್ ಮುಗಿದ ತಕ್ಷಣ ಓಡಬೇಡಿ. ಇದೊಂದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ. ಕುರ್ಚಿ ಜೋಡಿಸುವ ಹತ್ತು ನಿಮಿಷ ಇರುತ್ತದಲ್ಲ, ನಿಜವಾದ ಮೀಟಿಂಗ್ ಅದೇ. ಒಂದೆರಡು ಕುರ್ಚಿ ಎತ್ತಿಡಿ, ಕೈಗೆ ಕೆಲಸ ಇದ್ದರೆ ಬಾಯಿ ಬಿಡುವುದು ಸುಲಭ. ಮೂರು ಜನರ ನಂಬರ್ ತಗೊಳ್ಳಿ. ತಗೊಂಡು ಸುಮ್ನೆ ಇಡಬೇಡಿ, ಮಾರನೇ ದಿನ ಆಸೆ ಏನೂ ಇಲ್ಲದ ಹೊತ್ತಲ್ಲೇ ಒಬ್ಬರಿಗೆ ಮಾಡಿ. ‘ನಿನ್ನೆ ಸಿಕ್ಕಿದ್ದೆ, ನಂಬರ್ ಸರಿ ಇದೆಯಾ ಅಂತ ನೋಡಿದೆ’ ಅನ್ನಿ. ಒಂದು ಸಲ ಮಾತಾಡಿದ ನಂಬರಿಗೆ ಕಷ್ಟದ ಹೊತ್ತಲ್ಲಿ ಬೆರಳು ಹೋಗುತ್ತದೆ. ಒಮ್ಮೆಯೂ ಮಾತಾಡದ ನಂಬರಿಗೆ ರಾತ್ರಿ ಎಂಟೂವರೆಗೆ ಯಾರೂ ಫೋನ್ ಮಾಡುವುದಿಲ್ಲ. ಮುಂದೆ ಅವರಲ್ಲೇ ಒಬ್ಬರು ನಿಮಗೆ ಸ್ಪಾನ್ಸರ್ ಆಗಬಹುದು, ಅಂದರೆ ಮೊದಲೇ ಈ ದಾರಿ ನಡೆದು ನಿಮ್ಮನ್ನು ಕೈ ಹಿಡಿದು ಕರೆದೊಯ್ಯುವವರು. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇದ್ದರೆ ತೊಡಕು ಕಡಿಮೆ. ಸಾಲ ಕೇಳುವ, ಅಥವಾ ಹೊಸದಾಗಿ ಬಂದ ಹೆಣ್ಣುಮಗಳ ಹತ್ತಿರ ಅತಿ ಸಲಿಗೆ ತೋರಿಸುವ ಜನ ಗ್ರೂಪುಗಳಲ್ಲೂ ಇರುತ್ತಾರೆ. ಕುಡಿತ ಬಿಟ್ಟ ಮಾತ್ರಕ್ಕೆ ಎಲ್ಲರೂ ದೇವರಂಥವರು ಆಗಿಬಿಡುವುದಿಲ್ಲ.

ಅರ್ಧಕ್ಕೆ ಎದ್ದು ಬಂದ ಗ್ರೂಪಿಗೆ ಇನ್ನೊಂದು ಸಲ ಹೋಗಿ ಅಂತ ಹೇಳಲಾ? ಹೇಳುತ್ತೇನೆ. ಒಂದು ದಿನ ನೋಡಿ ತೀರ್ಮಾನ ಮಾಡುವುದು ಬೇಡ, ಮೊದಲ ದಿನ ಗ್ರೂಪಿಗಿಂತ ನಮ್ಮ ಎದೆಬಡಿತವೇ ಜಾಸ್ತಿ ಕೇಳಿಸುತ್ತಿರುತ್ತದೆ. ನಾಲ್ಕೈದು ಸಲ ಹೋಗಿ, ಜೊತೆಗೆ ಇನ್ನೊಂದೆರಡು ಗ್ರೂಪ್ ನೋಡಿ, ಆಮೇಲೆ ಬೇಡ ಅನ್ನಿಸಿದರೆ ಬಿಡಿ. ‘90 ದಿನದಲ್ಲಿ 90 ಮೀಟಿಂಗ್’ ಅಂತ ಹಳಬರು ಹೇಳಬಹುದು. ಮಾಡಲು ಆಗುವುದಾದರೆ ಒಳ್ಳೆಯದೇ. ಕೆಲಸ, ಮಕ್ಕಳು ಇರುವವರಿಗೆ ಅದು ಆಗದೆ, ಆಗಲಿಲ್ಲ ಅನ್ನುವ ತಪ್ಪಿತಸ್ಥ ಭಾವದಲ್ಲೇ ಎಲ್ಲ ಬಿಟ್ಟದ್ದನ್ನೂ ನೋಡಿದ್ದೇನೆ. ವಾರಕ್ಕೆ ಮೂರು ಸಂಜೆ, ತಪ್ಪದೆ, ಅಷ್ಟು ಇಟ್ಟುಕೊಳ್ಳಿ.

ಪರಿಚಯದವರು ಸಿಕ್ಕರೆ? ಸಿಗಬಹುದು. ಅವರು ಅಲ್ಲಿಗೆ ಬಂದಿರುವುದೂ ನೀವು ಬಂದ ಕಾರಣಕ್ಕೇ. ನಿಮ್ಮ ಗುಟ್ಟು ಅವರ ಹತ್ತಿರ ಇದ್ದಷ್ಟೇ ಅವರದ್ದು ನಿಮ್ಮ ಹತ್ತಿರ ಇರುತ್ತದೆ. ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ: 16 ವರ್ಷ ದಿನಾ ಕುಡಿದದ್ದು ಬೀದಿಗೆ ಗೊತ್ತಿಲ್ಲ ಅಂದುಕೊಂಡಿರುವವರು ಬಹುಶಃ ನೀವೊಬ್ಬರೇ. ಆದರೂ ಗುಟ್ಟು ಕಾಪಾಡುವುದು ಗ್ರೂಪಿನ ಮಾತು, ಕಾನೂನಲ್ಲ. ಕೋರ್ಟು, ಕೆಲಸದ ತಕರಾರು, ಬೇರೆಯವರ ಮಾನಕ್ಕೆ ಸಂಬಂಧಪಟ್ಟದ್ದು ಇದ್ದರೆ ಅದನ್ನು ಕೌನ್ಸೆಲರ್ ಹತ್ತಿರ ಹೇಳಿ, ಗ್ರೂಪಿನಲ್ಲಿ ಬೇಡ. ಭಯ ತುಂಬಾ ಇದ್ದರೆ ಕ್ಲೋಸ್ಡ್ ಮೀಟಿಂಗ್ ಆರಿಸಿಕೊಳ್ಳಿ.

ಆನ್‌ಲೈನ್ ಮೀಟಿಂಗ್‌ಗಳೂ ಇವೆ, ಹಗಲು ರಾತ್ರಿ ಯಾವ ಹೊತ್ತಿಗೂ ಎಲ್ಲೋ ಒಂದು ನಡೆಯುತ್ತಿರುತ್ತದೆ. ನಡುರಾತ್ರಿಗೆ, ಪ್ರಯಾಣದಲ್ಲಿ ಇರುವಾಗ, ಹತ್ತಿರ ಏನೂ ಇಲ್ಲದ ಕಡೆ ಅದೇ ದಾರಿ. ನಿಮಗೆ ಮಾತ್ರ ಅದೊಂದೇ ಬೇಡ ಅನ್ನುತ್ತೇನೆ. ಕ್ಯಾಮೆರಾ ಆಫ್ ಮಾಡಿದರೆ ಕೈಯಲ್ಲಿ ಲೋಟ ಇದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ಹತ್ತಿರದಲ್ಲಿ ನಿಜವಾಗಿಯೂ ಏನೂ ಇಲ್ಲ ಅಂತಾದರೆ ವಾರ್ಡಿನವರನ್ನು ಮತ್ತೆ ಕೇಳಿ, ನಿಮ್ಮ ಹಾಗೆ ಇನ್ನೊಬ್ಬರು ಹುಡುಕುತ್ತಿದ್ದಾರಾ ಅಂತ. ಕುಡಿಯದೆ ಇರಲು ಇಬ್ಬರು ಮೂವರು ಸೇರಿದರೂ ಅದನ್ನು ಗ್ರೂಪ್ ಅನ್ನಬಹುದು ಅನ್ನುವುದು ಎಎಯ ಹಳೆಯ ಸಂಪ್ರದಾಯ. ಆಕ್ರನ್‌ನಲ್ಲಿ ಇದ್ದದ್ದೂ ಇಬ್ಬರೇ.

ನಿಮಗಲ್ಲ, ಇದನ್ನು ಓದಿ ‘ನಾನೂ ನಾಳೆಯಿಂದ ಬಿಟ್ಟು ಗ್ರೂಪಿಗೆ ಹೋಗ್ತೇನೆ’ ಅಂದುಕೊಳ್ಳುವವರಿಗೆ: ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿಯುತ್ತಿದ್ದರೆ ಏಕಾಏಕಿ ನಿಲ್ಲಿಸಬೇಡಿ, ಮೊದಲು ಡಾಕ್ಟರನ್ನು ನೋಡಿ. ಕೊನೆಯ ಕುಡಿತದ ನಂತರ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ್ದು ಕಾಣಿಸಿ, ದಿಕ್ಕು ತಪ್ಪಿ, ಜ್ವರ ಬಂದು ಜೀವಕ್ಕೇ ಅಪಾಯ ಆಗುತ್ತದೆ. ಅದಕ್ಕೆ ಆಸ್ಪತ್ರೆ ಬೇಕು, ಗ್ರೂಪ್ ಸಾಲದು. ನಿಮಗೂ ಇದು ನೆನಪಿರಲಿ. ಒಂದು ದಿನ ಜಾರಿದರೆ ಮಾರನೇ ಸಂಜೆಯೇ ಗ್ರೂಪಿಗೆ ಹೋಗಿ, ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಜಾರಿದ್ದು ವಾರಗಟ್ಟಲೆ ನಡೆದುಬಿಟ್ಟರೆ ಮೊದಲು ಆಸ್ಪತ್ರೆ.

ನಿಮ್ಮ ಮನೆಯವರ ವಿಷಯ. ಮನೆಯವರಿಗಾಗಿಯೇ ಆಲ್-ಅನಾನ್ ಅಂತ ಬೇರೆ ಗ್ರೂಪ್ 1951ರಿಂದ ಇದೆ, ಶುರು ಮಾಡಿದವರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಒಬ್ಬರು. ಹದಿಹರೆಯದ ಮಕ್ಕಳಿದ್ದರೆ ಅವರಿಗೆ ಆಲಟೀನ್. ನಿಮ್ಮನ್ನು ಕಾಯುವುದು ಹೇಗೆ ಅಂತ ಕಲಿಸುವ ಜಾಗ ಅಲ್ಲ ಅದು. 16 ವರ್ಷ ಅವರೂ ಏನೇನೋ ಅನುಭವಿಸಿದ್ದಾರೆ, ಅದನ್ನು ಅವರು ಹೇಳಿಕೊಳ್ಳುವ ಜಾಗ. ನೀವು ಹೋಗಲಿ ಬಿಡಲಿ, ಅವರು ಹೋಗಬಹುದು. ಅಲ್ಲಿ ಏನು ಮಾತಾಡಿದೆ ಅಂತ ಮನೆಗೆ ಬಂದ ಮೇಲೆ ಕೇಳಬೇಡಿ.

ಮೊದಲ ದಿನ ಜೊತೆಗೆ ಬರಲಾ ಅಂದಿದ್ದಾರಲ್ಲ, ಓಪನ್ ಮೀಟಿಂಗ್ ಆದರೆ ಖಂಡಿತ ಬರಲಿ, ಪಕ್ಕದಲ್ಲೇ ಕೂರಲಿ. ಕ್ಲೋಸ್ಡ್ ಆದರೆ ಬಾಗಿಲವರೆಗೆ ಬಂದು ಮನೆಗೆ ವಾಪಸ್ ಹೋಗಲಿ. ಹೊರಗೆ ಕಾಯುತ್ತಾ ನಿಲ್ಲುವುದು ಬೇಡ. ಕೆಳಗೆ ಯಾರೋ ಕಾಯುತ್ತಿದ್ದಾರೆ ಅಂದರೆ ನೀವು ಕುರ್ಚಿ ಎತ್ತಿಡುವ ಆ ಹತ್ತು ನಿಮಿಷ ಬಿಟ್ಟು ಓಡಿಬರುತ್ತೀರಿ.